ಸಾಂತೋಮ್‌ನಿಂದ ವೇಳಾಂಗಣ್ಣಿಗೆ: ಅತ್ತೆಯ ಹರಕೆಯ ಜೊತೆ ಐದು ದಿನ

ಮೊದಲ ದಿನ: ಬೆಂಗಳೂರು, ಚೆನ್ನೈ, ಚಿನ್ನಮಲೈ

ಜುಲೈ 2ರ ಬುಧವಾರ ಬೆಳಿಗ್ಗೆ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದೆವು. ನಾನು ಮತ್ತು ನನ್ನ ಅತ್ತೆ, ಇಬ್ಬರೇ. ಮಗಳಿಗೆ ಶಾಲೆ ಇತ್ತು. ಅವಳನ್ನು ನನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ.

ಅತ್ತೆ ಕನಕಪುರ ತಾಲ್ಲೂಕಿನ ಹಾರೋಬೆಲೆಯವರು. ಆ ಊರಿನಲ್ಲಿ ಹೆಚ್ಚಿನವರು ಕಥೋಲಿಕರು, ಅದೂ ತಲೆತಲಾಂತರದಿಂದ. ಶುಭ ಶುಕ್ರವಾರ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆಯ ಹಾದಿ ಮಾಡುತ್ತಾ ಕಪಾಲ ಬೆಟ್ಟ ಹತ್ತುವ ಜನ ಅವರು. ರಾಗಿ ಹೊಲ, ರೇಷ್ಮೆ ಹುಳು, ಸಂಜೆ ಮಣಿ ಎಣಿಸುತ್ತಾ ಹೇಳುವ ಜಪಸರ. ಅತ್ತೆಯ ಬದುಕಿನಲ್ಲಿ ಈ ಮೂರೂ ಯಾವತ್ತೂ ತಪ್ಪಿದ್ದಿಲ್ಲ.

ಕಳೆದ ವರ್ಷ ನನ್ನ ಹೆಂಡತಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಅತ್ತೆ ತಮಿಳುನಾಡಿನ ಕಡಲತೀರದ ವೇಳಾಂಗಣ್ಣಿಯ ಮಾತೆ ಮರಿಯಳಿಗೆ ಹರಕೆ ಹೊತ್ತರು. ಮಗಳು ಎದ್ದು ಓಡಾಡಿದರೆ ಅಲ್ಲಿಗೆ ಬಂದು ಮುಡಿ ಕೊಡುತ್ತೇನೆ ಅಂತ. ಮಗಳು ಏಳಲಿಲ್ಲ. ಈ ಫೆಬ್ರವರಿಯಲ್ಲಿ ಹೋಗಿಬಿಟ್ಟಳು. ಹರಕೆಯ ವಿಷಯವನ್ನು ನಾವ್ಯಾರೂ ಮತ್ತೆ ಎತ್ತಲಿಲ್ಲ. ಅದು ಅಲ್ಲಿಗೆ ಮುಗಿದ ಮಾತು ಅಂತಲೇ ನಾನು ತಿಳಿದಿದ್ದೆ. ಜೂನ್‌ನಲ್ಲಿ ಒಂದು ರಾತ್ರಿ ಅತ್ತೆ ಫೋನ್ ಮಾಡಿದರು.

'ಅಳಿಯಂದ್ರೆ, ವೇಳಾಂಗಣ್ಣಿಗೆ ಹೋಗ್ಬೇಕು. ಹರಕೆ ಇದೆಯಲ್ಲ. ಕರ್ಕೊಂಡು ಹೋಗ್ತೀರಾ?'

ಯಾವ ಹರಕೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಹೂಂ ಅಂದೆ. ದಾರಿಯಲ್ಲಿ ಚೆನ್ನೈನಲ್ಲಿ ಇಳಿದು ಹೋಗೋಣ ಅಂತ ಹೇಳಿದ್ದು ನಾನೇ. ಜುಲೈ 3 ಸಂತ ತೋಮರ ಹಬ್ಬ, ಅವರನ್ನು ಮಣ್ಣು ಮಾಡಿದ್ದು ಚೆನ್ನೈನಲ್ಲೇ ಅಂತ ನಮ್ಮ ನಂಬಿಕೆ. ಕ್ರಿಸ್ತನ ಹನ್ನೆರಡು ಶಿಷ್ಯರಲ್ಲಿ, 'ನಾನು ಕಣ್ಣಾರೆ ನೋಡದ ಹೊರತು ನಂಬುವುದಿಲ್ಲ' ಎಂದವರು ಅವರೊಬ್ಬರೇ. ಈ ವರ್ಷ ನನಗೆ ಉಳಿದ ಹನ್ನೊಂದು ಮಂದಿಗಿಂತ ಅವರೇ ಹತ್ತಿರದವರಾಗಿದ್ದರು.

ರೈಲಿನಲ್ಲಿ ಅತ್ತೆ ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಜೋಲಾರಪೇಟೆ ದಾಟುವ ಹೊತ್ತಿಗೆ ಅವರ ಕೈಗೆ ಜಪಸರ ಬಂದಿತ್ತು. ನಾನು ಬೈಬಲ್ ತೆರೆದು ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರ ಓದಿದೆ. ಕ್ರಿ.ಶ. 50ರ ಆಸುಪಾಸಿನ ಪತ್ರ ಅದು. ಹೊಸ ಒಡಂಬಡಿಕೆಯ ಎಲ್ಲಕ್ಕಿಂತ ಹಳೆಯ ಬರಹಗಳಲ್ಲಿ ಒಂದು. ಅಂದರೆ ಕ್ರೈಸ್ತರು ಬರೆಯಲು ಶುರು ಮಾಡಿದಾಗಲೇ, ತೀರಿಹೋದ ನಮ್ಮವರ ಗತಿ ಏನು ಎಂಬ ಪ್ರಶ್ನೆ ಅವರ ಮುಂದಿತ್ತು. ನಿರೀಕ್ಷೆ ಇಲ್ಲದವರ ಹಾಗೆ ನೀವು ದುಃಖಿಸಬಾರದು ಅಂತ ಪೌಲರು ಬರೆಯುತ್ತಾರೆ. ಹೆಂಡತಿಯ ಮಣ್ಣಿನ ದಿನ ಈ ಸಾಲನ್ನು ನನಗೆ ಎಷ್ಟೋ ಜನ ಹೇಳಿದ್ದರು. ಅಳಬೇಡಿ, ನಾವು ವಿಶ್ವಾಸಿಗಳು, ಅಳಬಾರದು ಅಂತ. ಆದರೆ ಪೌಲರು ಅಳುವುದನ್ನು ಬೇಡ ಅನ್ನುವುದೇ ಇಲ್ಲ. ಅಳುವವರಿಗೆ, ಕಾಯಲು ಒಂದು ದಿನವಿದೆ ಅಂತ ಹೇಳುತ್ತಿದ್ದಾರೆ ಅಷ್ಟೆ.

ದುಃಖದಲ್ಲಿರುವವರ ಮನೆಗೆ ಹೋಗುವ ನಮ್ಮ ಜನರಿಗೆ ಇದನ್ನು ಕೈಮುಗಿದು ಹೇಳಬೇಕು ಅನ್ನಿಸುತ್ತದೆ. 'ದೇವರಿಗೆ ಒಳ್ಳೆಯವರೇ ಬೇಕಾಗುತ್ತೆ, ಅದಕ್ಕೇ ಕರ್ಕೊಂಡ' ಅನ್ನಬೇಡಿ. ಅಂಥ ದೇವರ ಹತ್ತಿರ ಹೆತ್ತ ತಾಯಿ ಹೇಗೆ ಪ್ರಾರ್ಥಿಸಬೇಕು, ಹೇಳಿ. ಬಂದು ಸುಮ್ನೆ ಪಕ್ಕದಲ್ಲಿ ಕೂತರೂ ಸಾಕು. ನಮ್ಮ ಬೀದಿಯ ಒಬ್ಬ ಅಜ್ಜಿ ಹಾಗೆ ಬಂದು ಅರ್ಧ ದಿನ ಕೂತು, ಪಾತ್ರೆ ತೊಳೆದಿಟ್ಟು ಹೋದರು. ಆ ದಿನದ ಮಾತುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ, ಅವರ ಮುಖ ಮರೆತಿಲ್ಲ.

ಮಧ್ಯಾಹ್ನ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದೆವು. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಸ್ವಲ್ಪ ಸುಧಾರಿಸಿಕೊಂಡು, ಸಂಜೆ ಮೆಟ್ರೋದಲ್ಲಿ ಸೈದಾಪೇಟೆ ಕಡೆಯ ಚಿನ್ನಮಲೈಗೆ ಹೋದೆವು. ಲಿಟಲ್ ಮೌಂಟ್ ಅಂತ ಮೆಟ್ರೋ ನಿಲ್ದಾಣವೇ ಇದೆ. ಸಂತ ತೋಮರು ಅಡಗಿಕೊಂಡು ಪ್ರಾರ್ಥಿಸುತ್ತಿದ್ದರು ಎನ್ನುವ ಸಣ್ಣ ಗುಹೆ ಅಲ್ಲಿದೆ. ಪಕ್ಕದಲ್ಲಿ 1551ರಲ್ಲಿ ಪೋರ್ಚುಗೀಸರು ಕಟ್ಟಿದ ಚರ್ಚು. ಗುಹೆಯೊಳಗೆ ಬಗ್ಗಿಯೇ ಹೋಗಬೇಕು. ಬೆಳಕು ಬರುವ ಒಂದು ಕಿಂಡಿ ಇದೆ. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಂಡು ತೋಮರು ಹೊರಬಿದ್ದದ್ದು ಅಲ್ಲಿಂದಲೇ ಅಂತ ಹೇಳುತ್ತಾರೆ. ಅತ್ತೆ ಗೋಡೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ, ಒಳಗೆ ಸೆಕೆ.

ಎರಡನೇ ದಿನ: ತೋಮರ ಹಬ್ಬ

ಬೆಳಿಗ್ಗೆಯೇ ಸಾಂತೋಮ್‌ಗೆ ಹೋದೆವು. ಮರೀನಾ ಕಡಲತೀರದ ದಕ್ಷಿಣ ತುದಿಯಲ್ಲಿ ಬಿಳಿ ಬಣ್ಣದ, ಎತ್ತರದ ಗೋಪುರದ ಬಸಿಲಿಕ, ಅಂದರೆ ಪೋಪರು ವಿಶೇಷ ಗೌರವ ಕೊಟ್ಟ ಚರ್ಚು. ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದ ತೋಮರು, 72ರಲ್ಲಿ ಇಲ್ಲಿಯ ಬೆಟ್ಟದ ಮೇಲೆ ಈಟಿಯ ತಿವಿತಕ್ಕೆ ಪ್ರಾಣ ಬಿಟ್ಟರು ಎನ್ನುವುದು ನಮ್ಮ ಪರಂಪರೆ. ಅವರನ್ನು ಮಣ್ಣು ಮಾಡಿದ್ದು ಇಲ್ಲಿ. ಆ ಸಮಾಧಿಯ ಮೇಲೆ ಪೋರ್ಚುಗೀಸರು 1523ರಲ್ಲಿ ಚರ್ಚು ಕಟ್ಟಿದರು. ಈಗ ಕಾಣುವುದು 1896ರಲ್ಲಿ ಮುಗಿದ ಕಟ್ಟಡ. 1986ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಲ್ಲಿಗೆ ಬಂದಿದ್ದರು. ಆಗ ಹಾರೋಬೆಲೆಯಲ್ಲಿ ಎಲ್ಲರೂ ಆ ಬಗ್ಗೆಯೇ ಮಾತಾಡುತ್ತಿದ್ದರು ಅಂತ ಅತ್ತೆ ನೆನಪಿಸಿಕೊಂಡರು.

ಹಬ್ಬದ ಪೂಜೆಗೆ ಜನ ಕಿಕ್ಕಿರಿದಿದ್ದರು. ಅವತ್ತು ಓದಿದ ಶುಭಸಂದೇಶ, ಅಂದರೆ ಯೇಸುವಿನ ಬದುಕಿನ ಕಥನ, ಯೊವಾನ್ನರದು, ಇಪ್ಪತ್ತನೇ ಅಧ್ಯಾಯ. ಎದ್ದು ಬಂದ ಯೇಸು ಮೊದಲ ಸಂಜೆ ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮರು ಅಲ್ಲಿರಲಿಲ್ಲ. ಉಳಿದವರು, ನಾವು ಪ್ರಭುವನ್ನು ನೋಡಿದೆವು ಅಂತ ಹೇಳುತ್ತಾರೆ. ತೋಮರು ಒಪ್ಪುವುದಿಲ್ಲ. ಮೊಳೆಯ ಗುರುತು ನೋಡಬೇಕು, ಅದರಲ್ಲಿ ಬೆರಳಿಡಬೇಕು, ಪಕ್ಕೆಯ ಗಾಯದಲ್ಲಿ ಕೈ ಇಡಬೇಕು ಅನ್ನುತ್ತಾರೆ.

ಚಿಕ್ಕಂದಿನಿಂದ ಇದನ್ನು ಕೇಳುತ್ತಾ ಬಂದಿದ್ದೇನೆ. ಸಂಶಯದ ತೋಮ ಅಂತಲೇ ನಮಗೆ ಕಲಿಸಿದ್ದು. ಈ ಸಲ ಬೇರೆ ಏನೋ ಕಂಡಿತು. ಇದೇ ಶುಭಸಂದೇಶದ ಹನ್ನೊಂದನೇ ಅಧ್ಯಾಯದಲ್ಲಿ, ಯೇಸು ಅಪಾಯ ಇರುವ ಕಡೆಗೆ ಹೊರಟಾಗ, ನಾವೂ ಹೋಗೋಣ, ಅವರ ಜೊತೆಯೇ ಸಾಯೋಣ ಅಂದವರು ಇದೇ ತೋಮರು. ಅಷ್ಟು ಪ್ರೀತಿಸಿದವರು ಅವರು. ಆ ಪ್ರೀತಿಯ ವ್ಯಕ್ತಿಯನ್ನು ಶಿಲುಬೆಗೆ ಹಾಕಿ ಕೊಂದಿದ್ದಾರೆ. ಈಗ ಗೆಳೆಯರು ಬಂದು, ಎಲ್ಲ ಸರಿಹೋಯಿತು, ಸಂತೋಷಪಡು ಅಂತಿದ್ದಾರೆ. ತೋಮರ ಬಾಯಿಂದ ಬಂದದ್ದು ವಾದವೇ ಅಲ್ಲ, ಅದು ಸಂಕಟ. ಗಾಯದ ಸುದ್ದಿ ಎತ್ತದ ಸಮಾಧಾನ ನನಗೆ ಬೇಡ ಅನ್ನುತ್ತಿದ್ದಾರೆ.

ಆಮೇಲೆ ಎಂಟು ದಿನ. ಇದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಆ ಎಂಟೂ ದಿನ ತೋಮರು ನಂಬಿರಲಿಲ್ಲ. ಆದರೆ ಉಳಿದ ಶಿಷ್ಯರನ್ನು ಬಿಟ್ಟೂ ಹೋಗಲಿಲ್ಲ. ನಂಬಿದವರ ನಡುವೆ ನಂಬಲಾಗದೆ ಕೂತಿದ್ದರು. ಉಳಿದವರೂ ಅವರನ್ನು ಎದ್ದು ಹೋಗು ಅನ್ನಲಿಲ್ಲ. ಎಂಟನೆಯ ದಿನ ಪ್ರಭು ಬಂದಾಗ ತೋಮರು ಅವರ ಜೊತೆಯಲ್ಲೇ ಇದ್ದರು.

ಫೆಬ್ರವರಿಯಿಂದ ನನ್ನ ಸ್ಥಿತಿ ಅದೇ. ಭಾನುವಾರದ ಪೂಜೆ ಬಿಟ್ಟಿಲ್ಲ. ಆದರೆ ನಾವು ನಂಬುವುದನ್ನು ಎಲ್ಲರೂ ಒಟ್ಟಾಗಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ, ಸತ್ತವರ ಪುನರುತ್ಥಾನದ ಸಾಲು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ಅಲ್ಲಿವರೆಗೆ ಎಲ್ಲರ ಜೊತೆ ಹೇಳುತ್ತೇನೆ, ಅಲ್ಲಿ ನಿಲ್ಲುತ್ತೇನೆ. ದೇವರು ಇದ್ದಾನೆ ಅನ್ನುವುದರಲ್ಲಿ ನನಗೆ ಅನುಮಾನ ಬಂದಿಲ್ಲ. ಅವಳು ಮತ್ತೆ ಎದ್ದು ನಿಲ್ಲುತ್ತಾಳೆ ಎನ್ನುವುದನ್ನು ಜೋರಾಗಿ ಹೇಳಲು ಗಂಟಲು ಬಿಡುತ್ತಿರಲಿಲ್ಲ. ಸಾಂತೋಮ್‌ನ ಬೆಂಚಿನ ಮೇಲೆ ಕೂತು, ಇಂಥವರಿಗೂ ಶಿಷ್ಯರು ಕೂತಿದ್ದ ಆ ಕೋಣೆಯಲ್ಲಿ ಜಾಗ ಇತ್ತು ಅಂತ ತಿಳಿದು ನನಗೆ ತುಂಬ ಹೊತ್ತು ಅಳು ಬಂತು. ಅತ್ತೆ ನೋಡಿದರು. ಏನೂ ಅನ್ನಲಿಲ್ಲ. ಸೆರಗಿನ ತುದಿ ನನ್ನ ಕೈಗೆ ಕೊಟ್ಟರು.

ಪೂಜೆ ಮುಗಿದ ಮೇಲೆ ನೆಲದಡಿಯ ಸಮಾಧಿ ಕೋಣೆಗೆ ಇಳಿದೆವು. ಗಾಜಿನ ಹಿಂದೆ ಮಲಗಿರುವ ತೋಮರ ಪ್ರತಿಮೆ. ಹಬ್ಬವಾದ್ದರಿಂದ ಸಾಲು ನಿಂತಿತ್ತು, ಆದರೂ ಒಳಗೆ ಶಾಂತವಾಗಿತ್ತು. ಅಲ್ಲಿ ಮೊಣಕಾಲೂರಿದಾಗ ಹೆಂಡತಿಯ ಮೈ ಮೇಲಿನ ಗುರುತುಗಳು ಕಣ್ಣೆದುರು ಬಂದವು. ಕೀಮೋಗೆ ಕತ್ತಿನ ಕೆಳಗೆ, ಔಷಧಿ ಹರಿಸುವ ಪೋರ್ಟ್ ಹಾಕಿದ ಜಾಗ. ಆಪರೇಷನ್ ಆದ ಕಡೆಯ ಉದ್ದದ ಗೆರೆ. ಸೂಜಿ ಚುಚ್ಚಿ ಚುಚ್ಚಿ ಕಪ್ಪಾಗಿದ್ದ ಕೈ. ಅವನ್ನೆಲ್ಲ ಮರೆತುಬಿಡಿ, ಚೆನ್ನಾಗಿದ್ದಾಗಿನ ಮುಖ ನೆನೆಸಿಕೊಳ್ಳಿ ಅಂತ ಜನ ಹೇಳುತ್ತಾರೆ. ನನಗೆ ಆಗುವುದಿಲ್ಲ. ನಾನು ಹತ್ತಿರದಿಂದ ನೋಡಿಕೊಂಡದ್ದು ಆ ಮೈಯನ್ನು. ಎದ್ದು ಬಂದ ಯೇಸುವಿನ ಮೈಯಲ್ಲಿ ಗಾಯಗಳು ಹಾಗೇ ಇದ್ದವು ಅಂತ ಶುಭಸಂದೇಶ ಹೇಳುತ್ತದೆ. ಸಾವನ್ನು ಗೆದ್ದ ಮೇಲೂ ದೇವರು ಅವನ್ನು ಅಳಿಸಲಿಲ್ಲ. ಅನುಭವಿಸಿದ್ದು ಯಾವುದೂ ಇಲ್ಲವಾಗಲಿಲ್ಲ. ಹಾಗಿದ್ದರೆ ಅವಳ ನೋವೂ ಕಸವಾಗಿ ಹೋಗಿಲ್ಲ. ನನ್ನ ನಿರೀಕ್ಷೆ ಇವತ್ತಿಗೂ ನಿಂತಿರುವುದು ಆ ಒಂದು ಮಾತಿನ ಮೇಲೆ.

ಬಸಿಲಿಕದ ಹಿಂದೆ, ಸಮುದ್ರದ ಕಡೆಗೆ ಒಂದು ಕಂಬ ಇದೆ. ಸಮುದ್ರ ಇದನ್ನು ದಾಟಿ ಬರುವುದಿಲ್ಲ ಅಂತ ತೋಮರು ನೆಟ್ಟದ್ದು ಎಂದು ನಂಬುತ್ತಾರೆ. 2004ರ ಸುನಾಮಿಯಲ್ಲೂ ಚರ್ಚಿಗೆ ಏನೂ ಆಗಲಿಲ್ಲ ಅಂತ ಪಕ್ಕದಲ್ಲಿದ್ದವರು ಹೇಳಿದರು.

ಸಂಜೆ ಪರಂಗಿಮಲೈ. ತೋಮರು ಪ್ರಾಣ ಬಿಟ್ಟ ಬೆಟ್ಟ ಅದು. ಆಟೋ ಮೇಲಿನವರೆಗೂ ಹೋಗುತ್ತದೆ, ಅತ್ತೆಗೆ ಮಾತ್ರ ಮೆಟ್ಟಿಲೇ ಬೇಕು. ನೂರಕ್ಕೂ ಹೆಚ್ಚು ಮೆಟ್ಟಿಲು. ಕಪಾಲ ಬೆಟ್ಟ ಹತ್ತಿದ ಕಾಲು, ನಿಧಾನವಾಗಿ ಹತ್ತಿದರು. ಮೇಲಿನ ಚರ್ಚಿನಲ್ಲಿ ಪುರಾತನ ಪರ್ಷಿಯಾದ ಪಹ್ಲವಿ ಲಿಪಿ ಕೆತ್ತಿದ ಹಳೆಯ ಕಲ್ಲಿನ ಶಿಲುಬೆ ಇದೆ. ಹೊರಗೆ ನಿಂತರೆ ವಿಮಾನ ನಿಲ್ದಾಣದ ರನ್‌ವೇ ಕಾಣುತ್ತದೆ. ರಾತ್ರಿ ಎಗ್ಮೋರ್‌ನಿಂದ ಕಾರೈಕಾಲ್ ರೈಲು ಹಿಡಿದೆವು.

ಮೂರನೇ ದಿನ: ವೇಳಾಂಗಣ್ಣಿ

ಬೆಳಿಗ್ಗೆ ನಾಗಪಟ್ಟಣಂನಲ್ಲಿ ಇಳಿದು ಬಸ್ ಹತ್ತಿದೆವು. ಹನ್ನೆರಡು ಕಿಲೋಮೀಟರ್ ದಾರಿ. ತೆಂಗು, ಉಪ್ಪು ಗಾಳಿ, ಆಮೇಲೆ ದೂರದಲ್ಲಿ ಬಿಳಿ ಗೋಪುರಗಳು. ಅತ್ತೆ ಬಸ್ಸಿನಲ್ಲೇ ಎದ್ದು ನಿಂತು ಶಿಲುಬೆ ಗುರುತು ಹಾಕಿಕೊಂಡರು.

ಬೆಂಗಳೂರಿನ ಕಥೋಲಿಕರಿಗೆ ವೇಳಾಂಗಣ್ಣಿ ಪರವೂರಲ್ಲ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗಿನ ಜಾತ್ರೆಗೆ ನಮ್ಮ ಕಡೆಯಿಂದ ಕಾವಿ ಬಟ್ಟೆ ತೊಟ್ಟು ನಡೆದೇ ಹೋಗುವವರಿದ್ದಾರೆ. ಆಗ ಇಲ್ಲಿ ಕನ್ನಡದಲ್ಲೂ ಪೂಜೆ ಇರುತ್ತದೆ. ಕೊಳದ ಬಳಿ ಹಾಲಿನ ಹುಡುಗನಿಗೆ ಮಾತೆ ಕಾಣಿಸಿಕೊಂಡದ್ದು, ಮಜ್ಜಿಗೆ ಮಾರುವ ಕುಂಟ ಹುಡುಗ ಎದ್ದು ಓಡಿದ್ದು, ಬಿರುಗಾಳಿಯಲ್ಲಿ ಸಿಕ್ಕಿದ ಪೋರ್ಚುಗೀಸ್ ನಾವಿಕರು ಸೆಪ್ಟೆಂಬರ್ 8ರಂದು ದಡ ಸೇರಿದ್ದು. ಈ ಮೂರು ಕಥೆ ಗೊತ್ತಿಲ್ಲದ ಮಗು ಹಾರೋಬೆಲೆಯಲ್ಲಿ ಇರಲಾರದು. 1962ರಲ್ಲಿ ಇದು ಬಸಿಲಿಕ ಆಯಿತು. ಸೀರೆ ಉಟ್ಟು, ಮಗುವನ್ನು ಎತ್ತಿಕೊಂಡು ನಿಂತಿರುವ ಆರೋಗ್ಯ ಮಾತೆಯ ಮುಂದೆ ಹಿಂದೂಗಳು, ಮುಸ್ಲಿಮರು, ಎಲ್ಲರೂ ಕೈ ಮುಗಿಯುತ್ತಾರೆ.

ಮಧ್ಯಾಹ್ನ ಕಾಣಿಕೆಗಳ ಸಂಗ್ರಹಾಲಯಕ್ಕೆ ಹೋದೆವು. ಹರಕೆ ಫಲಿಸಿದವರು ತಂದುಕೊಟ್ಟ ವಸ್ತುಗಳು ಅಲ್ಲಿವೆ. ಬೆಳ್ಳಿಯ ಕೈ, ಕಾಲು, ಕಣ್ಣು. ಮಗುವಿನ ಫೋಟೋಗಳು. ನಮ್ಮ ಮಗ ಬದುಕಿದ, ಗಡ್ಡೆ ಕರಗಿತು, ಕೆಲಸ ಸಿಕ್ಕಿತು ಅಂತ ಬರೆದ ಪತ್ರಗಳು, ಎಷ್ಟೋ ಭಾಷೆಗಳಲ್ಲಿ. ನನಗೆ ಉಸಿರು ಕಟ್ಟಿದ ಹಾಗಾಯಿತು. ಇಷ್ಟು ಮಂದಿಯ ಕೂಗು ಕೇಳಿಸಿದೆಯಲ್ಲ. ಫಲಿಸದ ಹರಕೆಗೆ ಇಲ್ಲಿ ಯಾವ ಕಪಾಟೂ ಇಲ್ಲ. ಫಲಿಸಿದ್ದಕ್ಕಿಂತ ಫಲಿಸದ್ದೇ ಹೆಚ್ಚಿರಬಹುದು, ಅವರೆಲ್ಲ ಎಲ್ಲಿಗೆ ಹೋದರು?

ಅತ್ತೆ ಮಾತ್ರ ಒಂದೊಂದು ಗಾಜಿನ ಮುಂದೆಯೂ ನಿಂತು ನೋಡುತ್ತಿದ್ದರು. 'ನೋಡಿ ಅಳಿಯಂದ್ರೆ, ಪಾಪ, ಇವರಿಗೆ ಎಷ್ಟು ವರ್ಷ ಆದ್ಮೇಲೆ ಮಗು ಆಗಿದೆಯೋ. ಎಷ್ಟು ಚೆನ್ನಾಗಿದೆ ಅಲ್ವಾ ಮಗು.' ಅವರ ದನಿಯಲ್ಲಿ ಹುಳಿ ಇರಲಿಲ್ಲ. ಮಗಳನ್ನು ಮಣ್ಣಿಗಿಟ್ಟು ಬಂದ ತಾಯಿ, ಇನ್ನೊಬ್ಬರ ಮಗು ಉಳಿದದ್ದಕ್ಕೆ ನಿಜವಾಗಿ ಖುಷಿಪಡುತ್ತಿದ್ದರು. ನಾನು ಜೀವನದಲ್ಲಿ ಕಂಡ ಪವಾಡಗಳಲ್ಲಿ ಅದನ್ನೇ ಮೊದಲು ಹೇಳುತ್ತೇನೆ.

ಸಂಜೆ ಸಮುದ್ರದ ಕಡೆ ನಡೆದೆವು. 2004ರ ಡಿಸೆಂಬರ್ 26. ಕ್ರಿಸ್‌ಮಸ್‌ನ ಮರುದಿನ, ಭಾನುವಾರ. ಯಾತ್ರಿಕರು ತುಂಬಿದ್ದ ಬೆಳಿಗ್ಗೆ. ಸುಮಾತ್ರಾ ಬಳಿ ಸಮುದ್ರದಡಿ ಭೂಕಂಪವಾಗಿ ಎದ್ದ ಅಲೆಗಳು ಇಲ್ಲಿಗೂ ಬಂದವು. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ವೇಳಾಂಗಣ್ಣಿಯ ತೀರದಲ್ಲಿದ್ದ ಯಾತ್ರಿಕರು, ಅಂಗಡಿಯವರು ಕೊಚ್ಚಿಹೋದರು. ಅವರ ನೆನಪಿಗೆ ಇಲ್ಲೊಂದು ಸ್ಮಾರಕ ಇದೆ. ಬಸಿಲಿಕದ ಒಳಗೆ ಮಾತ್ರ ನೀರು ಬರಲಿಲ್ಲ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಪವಾಡ ಅಂತಲೇ ಹೇಳುತ್ತಾರೆ.

ಸ್ಮಾರಕದ ಮುಂದೆ ನಿಂತು ಆ ಮಾತು ಹೇಳಲು ನನಗೆ ಆಗುವುದಿಲ್ಲ. ಹೇಳುವವರನ್ನು ಹಳಿಯುವುದೂ ಇಲ್ಲ. ಅವತ್ತು ಒಳಗಿದ್ದು ಬದುಕಿದವರು ದೇವರಿಗೆ ಕೈ ಮುಗಿಯದೆ ಇನ್ನೇನು ಮಾಡಬೇಕು? ಆದರೆ ಹೊರಗಿದ್ದವರೂ ಹರಕೆ ಹೊತ್ತು ಬಂದವರೇ. ಮಕ್ಕಳ ಕೈ ಹಿಡಿದು ಮರಳಿನಲ್ಲಿ ನಿಂತಿದ್ದವರು. ಬಾಗಿಲಿನ ಒಳಗಿದ್ದವರನ್ನು ಪ್ರೀತಿಸಿ, ಹೊರಗಿದ್ದವರನ್ನು ಕೈಬಿಟ್ಟ ದೇವರನ್ನು ನಾನು ನಂಬಲಾರೆ. ನಾನು ನಂಬಿರುವ ದೇವರು ಊರ ಹೊರಗೆ, ಶಿಲುಬೆಯ ಮೇಲೆ, 'ನನ್ನನ್ನು ಯಾಕೆ ಕೈಬಿಟ್ಟೆ' ಅಂತ ಕೂಗಿ ಸತ್ತವನು. ಅವನು ಅವತ್ತು ಎಲ್ಲಿದ್ದ ಅಂತ ಕೇಳಿದರೆ, ಹೊರಗೆ, ಆ ನೀರಿನಲ್ಲಿ ಸಿಕ್ಕಿದವರ ಜೊತೆ ಇದ್ದ ಅಂತಲೇ ನನ್ನ ಉತ್ತರ. ಆಸ್ಪತ್ರೆಯ ಕೊನೆಯ ರಾತ್ರಿ ಎಲ್ಲಿದ್ದ ಅಂತ ಕೇಳಿದರೂ ಅದೇ ಉತ್ತರ. ಯಾಕೆ ಹೀಗಾಯಿತು ಎನ್ನುವುದಕ್ಕೆ ಇದರಲ್ಲಿ ಕಾರಣ ಸಿಗುವುದಿಲ್ಲ. ಒಬ್ಬಳೇ ಇರಲಿಲ್ಲ ಎನ್ನುವುದು ಮಾತ್ರ ಸಿಗುತ್ತದೆ. ನನಗೆ ಅದು ಸಣ್ಣ ವಿಷಯವಲ್ಲ.

ಮೇಣದಬತ್ತಿ ಮಾರುವ ಒಬ್ಬ ಹೆಂಗಸಿನ ಹತ್ತಿರ ಅತ್ತೆ ತಮಗೆ ಬರುವ ತಮಿಳಿನಲ್ಲಿ ಮಾತಿಗೆ ಕೂತರು. ಆಕೆ ಆ ಬೆಳಿಗ್ಗೆ ಗಂಡನನ್ನು ಕಳೆದುಕೊಂಡವರಂತೆ. ಅದಾದ ಮೇಲೂ ಇದೇ ಜಾಗದಲ್ಲಿ ಮೇಣದಬತ್ತಿ ಮಾರುತ್ತಾ ಮಕ್ಕಳನ್ನು ಸಾಕಿದ್ದಾರೆ. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಏಳುವಾಗ ಆಕೆ ಅತ್ತೆಯ ಕೈಗೆ ಒಂದು ಬತ್ತಿ ಇಟ್ಟು ದುಡ್ಡು ಬೇಡ ಅಂದರು.

ನಾಲ್ಕನೇ ದಿನ: ಮುಡಿ

ಶನಿವಾರ ಬೆಳಿಗ್ಗೆ ಮುಡಿ ಕೊಡುವ ಕಡೆ ಹೋದೆವು. ಚೀಟಿ ತಗೊಂಡು ಸಾಲಿನಲ್ಲಿ ಕೂತೆವು. ಅತ್ತೆಯ ಕೂದಲು ಇನ್ನೂ ಉದ್ದ, ನರೆತಿದ್ದರೂ ದಟ್ಟ. ಹೆಂಡತಿ ಊರಿಗೆ ಹೋದಾಗಲೆಲ್ಲ ಹರಳೆಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಬೆಂಗಳೂರಿಂದ ಊರು ತಲುಪಿದ ಕೂಡಲೇ, 'ಬಾಮ್ಮ, ತಲೆ ಕೊಡು' ಅಂತ ಕೂರಿಸಿಕೊಳ್ಳುತ್ತಿದ್ದಳು. ಇದು ನನಗೂ ನೆನಪಾಯಿತು, ಅತ್ತೆಗೂ ನೆನಪಾಗಿತ್ತು.

ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ. 'ಅತ್ತೆ, ಹರಕೆ ಹೊತ್ತದ್ದು ಅವಳು ಉಳಿಯಲಿ ಅಂತ. ಉಳಿಯಲಿಲ್ಲ. ಈ ಮುಡಿ ಯಾಕೆ ಕೊಡ್ತಿದ್ದೀರಿ?'

ಅತ್ತೆ ಸ್ವಲ್ಪ ಹೊತ್ತು ಚೀಟಿಯನ್ನೇ ಮಡಚಿ ಬಿಚ್ಚಿ ಮಾಡಿದರು.

'ನಾನೂ ಬರಬಾರದು ಅಂತಾನೇ ಇದ್ದೆ. ಮೂರು ತಿಂಗಳು ಮಾತೆ ಪಟದ ಕಡೆ ತಿರುಗಿ ನೋಡ್ಲಿಲ್ಲ. ಜಪಸರ ಹಿಡಿತಿದ್ದೆ, ಮಾತು ಆಡ್ತಿರಲಿಲ್ಲ. ಆಮೇಲೆ ಮೇ ತಿಂಗಳು ಬಂತು, ಮಾತೆ ತಿಂಗಳು. ಎಲ್ಲರ ಮನೇಲೂ ಪ್ರಾರ್ಥನೆ. ನಮ್ಮನೇಗೂ ಮಾತೆ ಪ್ರತಿಮೆ ತಂದ್ರು. ರಾತ್ರಿ ನಮ್ಮಲ್ಲೇ ಇತ್ತು. ಎಲ್ಲ ಹೋದ್ಮೇಲೆ ಕೇಳಿದೆ, ಯಾಕಮ್ಮ ಕೊಡ್ಲಿಲ್ಲ ಅಂತ. ಚೆನ್ನಾಗಿ ಬೈದೆ. ಬೈತಾ ಬೈತಾ ಅನ್ನಿಸ್ತು, ಇವಳೂ ಶಿಲುಬೆ ಕೆಳಗೆ ನಿಂತು ಕೇಳಿರ್ತಾಳೆ, ಕೊಡಲಿಲ್ಲ. ಇವಳ ಮಗನೂ ಕಣ್ಮುಂದೆ ಹೋದ. ನನ್ನ ಕಷ್ಟ ಬಿಡಿಸಿ ಹೇಳದೆ ಗೊತ್ತಾಗೋದು ಇವಳೊಬ್ಬಳಿಗೇ.'

ಸ್ವಲ್ಪ ತಡೆದು ಮತ್ತೆ ಹೇಳಿದರು. 'ಮಗಳ ಜೊತೆ ಕೂದಲು ಹಂಚಿಕೊಂಡ ಹಾಗೂ ಆಗುತ್ತೆ ಕಣಪ್ಪ. ಔಷಧಿಗೆ ಅವಳ ಕೂದಲೆಲ್ಲ ಹೋಯ್ತಲ್ಲ. ಆಗ ನಾನು ಉದ್ದ ಜಡೆ ಹಾಕ್ಕೊಂಡು ಅವಳ ಮುಂದೆ ಕೂತಿದ್ದೆ.'

ಯಾವತ್ತೂ ನನ್ನನ್ನು ಬಹುವಚನದಲ್ಲಿ ಕರೆಯುವ ಅತ್ತೆ ಅವತ್ತು ಕಣಪ್ಪ ಅಂದರು. ಚೀಟಿಯ ನಂಬರ್ ಕೂಗಿದರು, ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಬೋಳು ತಲೆಯ ಮೇಲೆ ಗಂಧ ಹಚ್ಚಿಕೊಂಡಿದ್ದರು. ಮುಖ ಹೆಂಡತಿಯ ಮುಖವೇ. ಕೊನೆಯ ತಿಂಗಳುಗಳಲ್ಲಿ ನಾನು ದಿನವೂ ನೋಡಿದ ಅದೇ ಹಣೆ, ಅದೇ ಕಿವಿ. ನನ್ನ ಕಾಲು ನಡುಗಿತು. ಅತ್ತೆಯೇ ನನ್ನ ತೋಳು ಹಿಡಿದುಕೊಂಡರು.

ಬಸಿಲಿಕದಿಂದ ಮಾತೆಯ ಕೊಳದವರೆಗೆ ಮರಳಿನ ದಾರಿ ಇದೆ. ಒಂದು ಕಡೆ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳು, ಇನ್ನೊಂದು ಕಡೆ ಜಪಸರದ ರಹಸ್ಯಗಳು, ಅಂದರೆ ಜಪಸರ ಹೇಳುವಾಗ ನೆನೆಯುವ ಯೇಸು ಮತ್ತು ಮಾತೆಯ ಬದುಕಿನ ಘಟನೆಗಳು. ಅಲ್ಲಿ ಮೊಣಕಾಲಿನ ಮೇಲೆ ಹೋಗುವವರು ಎಷ್ಟೋ ಜನ. ಅತ್ತೆಗೆ ಮಂಡಿನೋವು, ನಡೆದೇ ಹೋಗೋಣ ಅಂದೆ. ಅವರು ನಮೋ ಮರಿಯಾ ಅಂತ ಶುರು ಮಾಡಿದರು. ಜಪಸರ ಇಬ್ಬರು ಹೇಳುವ ಪ್ರಾರ್ಥನೆ. ಒಬ್ಬರು ಅರ್ಧ ಹೇಳಿ ನಿಲ್ಲಿಸುತ್ತಾರೆ, ಉಳಿದದ್ದನ್ನು ಇನ್ನೊಬ್ಬರು ಹೇಳಬೇಕು. ಪಾಪಿಗಳಾದ ನಮಗಾಗಿ ಈಗಲೂ, ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸು ಎನ್ನುವ ಆ ಅರ್ಧ ನನ್ನದು.

ಆಸ್ಪತ್ರೆಯಲ್ಲಿ ಕೊನೆಯ ಗಂಟೆಯಲ್ಲಿ ಅತ್ತೆ ಮಗಳ ಕಿವಿಯ ಹತ್ತಿರ ಇದನ್ನೇ ಹೇಳುತ್ತಿದ್ದರು. ಅರ್ಧ ಹೇಳಿ ನಿಲ್ಲಿಸುವರು. ಮೊದಮೊದಲು ಹೆಂಡತಿಯ ತುಟಿ ಅಲುಗಿ ಉಳಿದರ್ಧ ಬರುತ್ತಿತ್ತು. ಆಮೇಲೆ ಬರಲಿಲ್ಲ. ಆಗ ಎರಡೂ ಅರ್ಧವನ್ನು ಅತ್ತೆಯೇ ಹೇಳಿದರು. ಅಂದಿನಿಂದ ನನ್ನ ಬಾಯಲ್ಲಿ ಆ ಪ್ರಾರ್ಥನೆ ಬಂದಿರಲಿಲ್ಲ. ಮರಳಿನ ದಾರಿಯಲ್ಲಿ ಅತ್ತೆ ಮೊದಲ ಅರ್ಧ ಹೇಳಿ ಕಾದರು. ನಾನು ಹೇಳಿದೆ. ದನಿ ಒಡೆಯಿತು, ಆದರೂ ಹೇಳಿದೆ. ಕೊಳದವರೆಗೂ ಹೇಳಿದೆವು, ವಾಪಸ್ ಬರುವಾಗಲೂ ಹೇಳಿದೆವು.

ಐದನೇ ದಿನ: ಭಾನುವಾರ

ಬೆಳಿಗ್ಗೆ ತಮಿಳು ಪೂಜೆ. ಪ್ರಸಂಗ ನನಗೆ ಪೂರ್ತಿ ಅರ್ಥವಾಗಲಿಲ್ಲ. ವಿಶ್ವಾಸ ಪ್ರಮಾಣಕ್ಕೆ ಎಲ್ಲರೂ ಎದ್ದು ನಿಂತರು. ಸುತ್ತ ತಮಿಳು, ನಮ್ಮಿಬ್ಬರದು ಮಾತ್ರ ಕನ್ನಡ. ಅತ್ತೆ ಗಂಧದ ತಲೆಯ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದರು. ಸತ್ತವರ ಪುನರುತ್ಥಾನದ ಸಾಲು ಬಂತು. ಹೇಳಿದೆ. ಅನುಮಾನ ಎಲ್ಲ ಕರಗಿತು ಅಂತ ಇದಕ್ಕೆ ಅರ್ಥವಿಲ್ಲ. ಮುಂದಿನ ಭಾನುವಾರ ಮತ್ತೆ ಗಂಟಲು ಕಟ್ಟಬಹುದು. ಕಟ್ಟಿದರೆ ಪಕ್ಕದವರು ನನ್ನ ಪಾಲಿನದನ್ನೂ ಹೇಳುತ್ತಾರೆ. ನನಗೆ ಬಾಯಿ ಬಂದ ದಿನ, ಬಾರದವರ ಪಾಲಿನದನ್ನು ನಾನು ಹೇಳುತ್ತೇನೆ. ಸಭೆಯಾಗಿ ಸೇರುವುದು ಅದಕ್ಕೇ ಅಂತ ನನಗೆ ಈಗ ಅನ್ನಿಸುತ್ತದೆ.

ಸಂಜೆ ಬೆಂಗಳೂರಿನ ಬಸ್ ಹತ್ತಿದೆವು. ಕತ್ತಲಾಗುವ ಮೊದಲೇ ಅತ್ತೆ ನವೆಂಬರ್ 2ರ ಮಾತು ತೆಗೆದರು. ಮೃತರೆಲ್ಲರ ನೆನಪಿನ ದಿನ ಅದು.

'ಹಿಂದಿನ ದಿನಾನೇ ಬಂದ್ಬಿಡಿ. ಮಗೂನೂ ಕರ್ಕೊಂಡು ಬನ್ನಿ. ಸಮಾಧಿ ಸುತ್ತ ಹುಲ್ಲು ಬೆಳೆದಿರುತ್ತೆ, ಕೀಳ್ಬೇಕು. ಸೇವಂತಿಗೆ ನಮ್ಮ ಹಿತ್ತಲಲ್ಲೇ ಇರುತ್ತೆ, ಪೇಟೆಯಿಂದ ತರಬೇಡಿ. ಕಲ್ಲು ಹಾಕಿಸೋದು ಯಾವಾಗ?'

ಕಲ್ಲಿನ ಮೇಲೆ ಏನು ಬರೆಸಬೇಕು ಅಂತ ತೋಚದೆ ಇಷ್ಟು ದಿನ ಬಿಟ್ಟಿದ್ದೆ. ಬೈಬಲಿನಲ್ಲಿ, ತೀರಿಹೋದ ಲಾಜರನ ಅಕ್ಕ ಮಾರ್ತಾ, ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಯೇಸುವಿಗೆ ಮುಖದ ಮೇಲೇ ಹೇಳುತ್ತಾಳಲ್ಲ, ಅವಳಿಗೆ ಯೇಸು ಕೊಟ್ಟ ಉತ್ತರವನ್ನು ಹಾಕಿಸೋಣ ಅಂದೆ. 'ನಾನೇ ಪುನರುತ್ಥಾನವೂ ಜೀವವೂ.'

ಅತ್ತೆ ಒಪ್ಪಿದರು. 'ಮೇಲೆ ಅವಳ ಹೆಸರು, ಕೆಳಗೆ ಆ ಮಾತು. ಎರಡೂ ದಪ್ಪ ಅಕ್ಷರದಲ್ಲಿ ಕೆತ್ತಿಸಿ. ನನಗೆ ಕನ್ನಡಕ ಇಲ್ದೇನೇ ಓದೋಕಾಗ್ಬೇಕು.'

ಮಗಳಿಗೆ ಫೋನ್ ಮಾಡಿ ಕೇಳಿದೆ. ಅಮ್ಮನ ಹೆಸರಿನ ಅಕ್ಷರಗಳನ್ನು ತಾನೇ ಬರೆದು ಕೊಡುತ್ತೇನೆ, ಕೆತ್ತುವವರು ಅದನ್ನೇ ನೋಡಿಕೊಂಡು ಕೆತ್ತಲಿ ಅಂದಳು.